ಒಲೆ ಬೇರೆಯಾದರೆ ಅಪ್ಪ ಮಾಯ

ಅಪ್ಪ ಎಷ್ಟು ಓದಿದ್ದರೆ ಮಕ್ಕಳು ಎಷ್ಟು ಓದುತ್ತಾರೆ, ಕೊನೆಗೆ ಎಂಥ ಕೆಲಸಕ್ಕೆ ಸೇರುತ್ತಾರೆ? ನನ್ನ ಪಿಎಚ್‌ಡಿ ಇಷ್ಟೇ. ಧಾರವಾಡದ ಬಾಡಿಗೆ ರೂಮಿನಲ್ಲಿ ಕೂತು ಶುರು ಮಾಡಿದಾಗ ಆರು ತಿಂಗಳಲ್ಲಿ ಲೆಕ್ಕ ಮುಗಿಯುತ್ತೆ ಅಂದುಕೊಂಡಿದ್ದೆ. ರಾಷ್ಟ್ರೀಯ ಮಾದರಿ ಸಮೀಕ್ಷೆಯ 2011-12ರ ಡೇಟಾ ಇತ್ತು, 2017-18ರಿಂದ ಶುರುವಾದ ಪಿಎಲ್‌ಎಫ್‌ಎಸ್ ಅನ್ನೋ ಸರ್ಕಾರದ ಉದ್ಯೋಗ ಸಮೀಕ್ಷೆ ಇತ್ತು. ಇನ್ನೇನು ಬೇಕು?

ಫೈಲು ತೆಗೆದರೆ ಬರೀ ಅಂಕಿಗಳ ಸಾಲು. ಎಷ್ಟನೇ ಅಂಕಿ ಏನು ಹೇಳುತ್ತೆ ಅನ್ನೋದಕ್ಕೆ ಬೇರೆ ಹಾಳೆ ನೋಡಬೇಕು. ಸಮೀಕ್ಷೆಯ ಒಬ್ಬೊಬ್ಬರು ಎಷ್ಟು ಜನರ ಪರವಾಗಿ ನಿಂತಿದ್ದಾರೆ ಅಂತ ಹೇಳುವ 'ತೂಕ'ದ ಅಂಕಿ ಒಂದಿರುತ್ತೆ. ಮೊದಲ ದಿನ ಅದನ್ನು 100ರಿಂದ ಭಾಗಿಸುವುದನ್ನೇ ಮರೆತೆ. ಕರ್ನಾಟಕದ ಜನಸಂಖ್ಯೆ ನೂರಾರು ಕೋಟಿ ಬಂತು. ಇಂಥ ತಪ್ಪು ಒಳ್ಳೇದು, ಕಣ್ಣಿಗೆ ರಾಚುತ್ತೆ. ಕಾಣದ ತಪ್ಪಿನದೇ ಕಷ್ಟ.

ಸಮೀಕ್ಷೆಯಲ್ಲಿ ಮನೆಯ ಪ್ರತಿಯೊಬ್ಬರಿಗೂ ಒಂದು ಸಂಬಂಧದ ಕೋಡ್ ಇರುತ್ತೆ. ಯಜಮಾನ 1, ಹೆಂಡತಿ 2, ಮದುವೆಯಾದ ಮಗ ಅಥವಾ ಮಗಳು 3, ಸೊಸೆ ಅಥವಾ ಅಳಿಯ 4, ಮದುವೆಯಾಗದ ಮಕ್ಕಳು 5. ನಾನು 1ನ್ನು 3 ಮತ್ತು 5ರ ಜೊತೆ ಜೋಡಿಸಿ ಅಪ್ಪ-ಮಕ್ಕಳ ಜೋಡಿ ಮಾಡಿದೆ. ಮಗನೇ ಯಜಮಾನನಾಗಿರುವ ಮನೆಗಳಲ್ಲಿ 1ನ್ನು 7ರ ಜೊತೆ ಜೋಡಿಸಿದೆ. ಈ 7ನೇ ಕೋಡ್ ಇನ್ನೂ ಮಜಾ. ಯಜಮಾನನ ಅಪ್ಪ, ಅಮ್ಮ, ಮಾವ, ಅತ್ತೆ ಎಲ್ಲರಿಗೂ ಅದೇ ಕೋಡ್. ಯಜಮಾನ ಮನೆ ಅಳಿಯನಾಗಿದ್ದರೆ ಅವನ ಮಾವನೇ ನನ್ನ ಲೆಕ್ಕದಲ್ಲಿ ಅಪ್ಪ! ಅಂಥವರು ಕಡಿಮೆ ಅಂತ ಬಿಟ್ಟೆ.

ಟೇಬಲ್ ತಗೊಂಡು ಗೈಡ್ ಹತ್ತಿರ ಹೋದೆ. ಅವರು ಎರಡು ನಿಮಿಷ ನೋಡಿ ಒಂದೇ ಮಾತು ಕೇಳಿದರು. "ಹೆಣ್ಣುಮಕ್ಕಳು ಎಲ್ಲಿ ಹೋದ್ರೋ?"

ಗಂಡನ ಮನೆಗೆ ಹೋಗಿದ್ದರು. ನನ್ನ ಪಟ್ಟಿಯಲ್ಲಿ ಮೂವತ್ತು ದಾಟಿದವರೆಲ್ಲ ಹೆಚ್ಚೂಕಡಿಮೆ ಗಂಡಸರೇ. ಮಗಳು ತವರಿನ ಪಟ್ಟಿಯಿಂದ ಬಿಟ್ಟುಹೋಗಿ ಇನ್ನೊಂದು ಮನೆಯಲ್ಲಿ ಕೋಡ್ 4 ಆಗಿ ಕೂತಿರುತ್ತಾಳೆ. ಅವಳ ಓದು, ಅವಳ ಕೆಲಸ ಎಲ್ಲ ಅಲ್ಲಿದೆ. ಅಪ್ಪ ಮಾತ್ರ ಇಲ್ಲ.

ಗಂಡುಮಕ್ಕಳೂ ಎಲ್ಲರೂ ಸಿಗುವುದಿಲ್ಲ. ಸಮೀಕ್ಷೆಯ ಪ್ರಕಾರ ಮನೆ ಅಂದರೆ ಒಟ್ಟಿಗೆ ಇದ್ದು ಒಂದೇ ಅಡುಗೆ ಉಣ್ಣುವವರು. ನಮ್ಮ ಕಡೆ ಅಣ್ಣತಮ್ಮಂದಿರು ಬೇರೆಯಾದರೆ ಮೊದಲು ಬೇರೆಯಾಗುವುದೇ ಒಲೆ ಅಲ್ವಾ? ಅದೇ ಅಂಗಳ, ಅದೇ ಗೋಡೆ, ಒಲೆ ಎರಡು. ಅಷ್ಟಾದರೆ ಸಾಕು, ತಮ್ಮನ ಪಾಲಿಗೆ ಅಪ್ಪ ಮಾಯ.

ನಮ್ಮ ಮನೆಯನ್ನೇ ತಗೊಳ್ಳಿ. ಅಪ್ಪ ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡಿದವರು. ಈಗ ಊರಿನಲ್ಲಿ ಅಣ್ಣನ ಜೊತೆ ಇದ್ದಾರೆ. ಅಕ್ಕನನ್ನು ಗದಗಿಗೆ ಕೊಟ್ಟಿದೆ. ನಾನು ಧಾರವಾಡದಲ್ಲಿ. ಸಮೀಕ್ಷೆಯವರು ಮೂರೂ ಕಡೆ ಬಂದರೂ ಅಪ್ಪನ ಜೊತೆ ಜೋಡಿಯಾಗುವವನು ಅಣ್ಣ ಒಬ್ಬನೇ. ಅವನೂ ಹಮಾಲಿ. ಓದಿ ಹೊರಗೆ ಬಂದ ನಾನು ಲೆಕ್ಕಕ್ಕೇ ಇಲ್ಲ. ಹಾಗಾದರೆ ಇಂಥ ಡೇಟಾದಲ್ಲಿ 'ಅಪ್ಪನಂತೆ ಮಗ' ಅನ್ನೋದೇ ಜಾಸ್ತಿ ಕಾಣಬೇಕು ಅಂತ ನಾನು ಧೈರ್ಯವಾಗಿ ಒಂದು ಅಧ್ಯಾಯ ಬರೆದೆ.

ಅದೂ ತಪ್ಪು. ಎಮ್ರಾನ್, ಗ್ರೀನ್ ಮತ್ತು ಶಿಲ್ಪಿ ಅನ್ನೋ ಅರ್ಥಶಾಸ್ತ್ರಜ್ಞರು ಭಾರತ ಮತ್ತು ಬಾಂಗ್ಲಾದೇಶದ ಡೇಟಾ ಇಟ್ಟುಕೊಂಡು 2018ರಲ್ಲಿ ಇದನ್ನೇ ಪರೀಕ್ಷೆ ಮಾಡಿದ್ದರು. ಒಟ್ಟಿಗೆ ಇರುವವರನ್ನು ಮಾತ್ರ ಎಣಿಸಿದರೆ ಅಪ್ಪನ ಓದಿನ ಪ್ರಭಾವ ನಿಜಕ್ಕಿಂತ ಕಡಿಮೆ ಕಾಣುತ್ತೆ ಅಂತ ಅವರು ತೋರಿಸಿದ್ದಾರೆ. ನನಗೆ ಅರ್ಥವಾಗಲು ಒಂದು ವಾರ ಬೇಕಾಯ್ತು. ಓದಿದ ಅಪ್ಪನ ಮನೆಯಲ್ಲಿ ಜಾಸ್ತಿ ಓದಿದ ಮಗ ಊರು ಬಿಟ್ಟಿರುತ್ತಾನೆ, ಉಳಿದವನು ಕಡಿಮೆ ಓದಿದವನು. ಓದದ ಅಪ್ಪನ ಮನೆಯಲ್ಲೂ ಉಳಿದವನು ಕಡಿಮೆ ಓದಿದವನೇ. ಎರಡೂ ಮನೆ ಒಂದೇ ಥರ ಕಾಣುತ್ತವೆ. ಅಪ್ಪನ ಓದಿಗೂ ಮಗನ ಓದಿಗೂ ಅಷ್ಟೇನೂ ನಂಟಿಲ್ಲ ಅನ್ನಿಸಿಬಿಡುತ್ತೆ. ಗೆರೆಯ ಇಳಿಜಾರು (ಅಪ್ಪ ಒಂದು ವರ್ಷ ಜಾಸ್ತಿ ಓದಿದ್ದರೆ ಮಗ ಎಷ್ಟು ಜಾಸ್ತಿ ಓದಿರುತ್ತಾನೆ ಅನ್ನೋದು) ನೋಡುವುದಕ್ಕಿಂತ ಕೋರಿಲೇಶನ್ (ಇಬ್ಬರ ಓದು ಎಷ್ಟು ಬಿಗಿಯಾಗಿ ಜೊತೆಜೊತೆಗೆ ಏರಿಳಿಯುತ್ತೆ ಅನ್ನೋದು) ನೋಡಿದರೆ ಈ ಪೆಟ್ಟು ಕಡಿಮೆ ಅಂತಲೂ ಅವರು ಹೇಳಿದ್ದಾರೆ. ಅಧ್ಯಾಯ ಹರಿದು ಹಾಕಿದೆ. ನಮ್ಮ ಮನೆಯೊಂದನ್ನೇ ನೋಡಿ ದೇಶದ ಲೆಕ್ಕ ಹೇಳಲು ಹೋಗಿದ್ದೆ.

ಮುಂದೆ ಎರಡು ಕೆಲಸ ಮಾಡಿದೆ. ಮೊದಲನೆಯದು, ಐಎಚ್‌ಡಿಎಸ್ ಡೇಟಾಕ್ಕೆ ಹೋದೆ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯ ಮತ್ತು ದೆಹಲಿಯ ಎನ್‌ಸಿಎಇಆರ್ ಅನ್ನೋ ಸಂಶೋಧನಾ ಸಂಸ್ಥೆ ಸೇರಿ ಮಾಡಿದ ಸಮೀಕ್ಷೆ ಇದು. 2011-12ರ ಸುತ್ತಿನಲ್ಲಿ 42,152 ಮನೆಗಳಿವೆ. ಅಪ್ಪ ಎಲ್ಲೇ ಇರಲಿ, ತೀರಿಹೋಗಿರಲಿ, ಯಜಮಾನನಿಗೆ ಅವರ ಓದು ಮತ್ತು ಕೆಲಸ ಏನು ಅಂತ ಕೇಳಿದ್ದಾರೆ. ಎರಡನೆಯದು, ಬ್ಯಾಡಗಿ ಸುತ್ತ ನಾನೇ ಫಾರಂ ಹಿಡಿದು ಮನೆ ಮನೆ ತಿರುಗಿದೆ. ಸೊಸೆಯರನ್ನೂ ಅವರವರ ಅಪ್ಪನ ಬಗ್ಗೆ ಕೇಳಿದೆ.

ಕೇಳುವುದು ಅಂದುಕೊಂಡಷ್ಟು ಸುಲಭ ಅಲ್ಲ. ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಒಬ್ಬರು ಸಿಕ್ಕರು. ಪಿಯುಸಿ ಓದಿದ್ದಾರೆ. "ನಮ್ಮಪ್ಪ ಮುಲ್ಕಿ ಪಾಸ್ ಇದ್ರು. ಕನ್ನಡ ಸಾಲಿ ಮಾಸ್ತರ್ರು" ಅಂದರು. ಮುಲ್ಕಿ ಅಂದರೆ ಮುಂಬಯಿ ಕರ್ನಾಟಕದ ಕಡೆ ಏಳನೇ ಇಯತ್ತೆಯ ಪರೀಕ್ಷೆ. ನನ್ನ ಫಾರಂನಲ್ಲಿ ಅಪ್ಪ 7, ಮಗ 12. ಐದು ವರ್ಷ ಮೇಲೆ ಹತ್ತಿದ್ದಾನೆ ಅಂತ ಬರೆದುಕೊಂಡೆ. ಅವರು ನನ್ನ ಪೆನ್ನು ನೋಡಿ ನಕ್ಕರು. "ನಮ್ಮಪ್ಪ ಬಂದ್ರ ಊರಾಗಿನ ಮಂದಿ ಎದ್ದು ನಿಲ್ತಿದ್ರ್ರೀ. ನನ್ನ ಯಾರ ಕೇಳ್ತಾರ?"

ಹೌದಲ್ಲ. ಓದಿದ ವರ್ಷ ಎಣಿಸಿದರೆ ಎಲ್ಲರೂ ಅಪ್ಪಂದಿರಿಗಿಂತ ಮೇಲೆ ಹೋಗಿರುತ್ತಾರೆ, ಯಾಕಂದರೆ ಶಾಲೆಗಳೇ ಜಾಸ್ತಿಯಾಗಿವೆ. ಅದಕ್ಕೇ ಈಗ ಅಪ್ಪ ತನ್ನ ಕಾಲದವರ ಸಾಲಿನಲ್ಲಿ ಎಷ್ಟನೆಯವನು, ಮಗ ತನ್ನ ಕಾಲದವರಲ್ಲಿ ಎಷ್ಟನೆಯವನು ಅಂತ ನೋಡುತ್ತಾರೆ. ಇದರಲ್ಲೂ ತೊಡಕಿದೆ. 1950ರ ದಶಕದಲ್ಲಿ ಹುಟ್ಟಿದವರ ಅಪ್ಪಂದಿರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಓದಿನ ತೀರಾ ಕೆಳಗಿನ ಮೆಟ್ಟಿಲಲ್ಲೇ ಇದ್ದರು. ಅಷ್ಟೂ ಜನ ಒಂದೇ ಗುಂಪು. ಅವರಲ್ಲಿ ಯಾರು ಕೆಳಗೆ, ಯಾರು ಮೇಲೆ? ಆಶರ್, ನೊವೊಸಾದ್ ಮತ್ತು ರಾಫ್ಕಿನ್ ಅನ್ನೋ ಅರ್ಥಶಾಸ್ತ್ರಜ್ಞರು ಈ ಗಂಟು ಬಿಡಿಸಲು ಒಂದು ದಾರಿ ಹುಡುಕಿದರು. ಕೆಳಗಿನ ಮನೆಯ ಮಗ ಮೇಲೆ ಬರುವ ಅವಕಾಶ ದಶಕಗಳಿಂದ ಹೆಚ್ಚೂಕಡಿಮೆ ಅಲ್ಲೇ ನಿಂತಿದೆ, ಪರಿಶಿಷ್ಟ ಜಾತಿಯವರಲ್ಲಿ ಏರಿದೆ, ಮುಸ್ಲಿಮರಲ್ಲಿ ಇಳಿದಿದೆ ಅಂತ ಅವರ ಲೆಕ್ಕ ಹೇಳುತ್ತೆ.

ಕೆಲಸದ ಪ್ರಶ್ನೆಯಲ್ಲಿ ಇನ್ನೊಂದು ಪೇಚು. ಒಂದು ಮನೆಯ ಪಡಸಾಲೆಯಲ್ಲಿ ಸೊಸೆ ಮೆಣಸಿನಕಾಯಿ ರಾಶಿ ಮುಂದೆ ಕೂತು ತೊಟ್ಟು ಬಿಡಿಸುತ್ತಿದ್ದಳು. ನನಗೆ ಸೀನಿನ ಮೇಲೆ ಸೀನು. "ನೀವು ಏನ್ ಕೆಲಸಾ ಮಾಡ್ತೀರಿ ಅಕ್ಕಾರ?" ಅಂದೆ. ಕೈ ನಿಲ್ಲಿಸದೆ, "ಏನೂ ಇಲ್ರಿ, ಮನಿಯಾಗ ಇರ್ತೀನಿ" ಅಂದಳು. ಹಾಗೇ ಬರೆದುಕೊಂಡರೆ ಸಮೀಕ್ಷೆಯ ಕೆಲಸದ ಪಟ್ಟಿಯಲ್ಲಿ ಕೋಡ್ 92, ಬರೀ ಮನೆಗೆಲಸ. ಕಿಲೋಗೆ ಎಷ್ಟು ಕೊಡ್ತಾರೆ ಅಂತ ಕೇಳಿದ ಮೇಲೇ ಅದು ಕೂಲಿ ಅಂತ ಅವಳಿಗೂ ಅನ್ನಿಸಿದ್ದು. ಅಂದಿನಿಂದ 'ಏನು ಕೆಲಸ' ಅಂತ ಕೇಳುವುದನ್ನು ಬಿಟ್ಟೆ. ನಿನ್ನೆ ಬೆಳಿಗ್ಗೆಯಿಂದ ಏನೇನು ಮಾಡಿದಿರಿ ಅಂತ ಕೇಳುತ್ತೇನೆ. ಹೊತ್ತು ಹಿಡಿಯುತ್ತೆ, ಆದರೆ ಉತ್ತರ ಸಿಗುತ್ತೆ.

ಇನ್ನು ಮಕ್ಕಳು ಅಪ್ಪನ ಓದಿನ ಬಗ್ಗೆ ಹೇಳುವುದು ಎಷ್ಟು ನಿಜ? ಆಶೆನ್‌ಫೆಲ್ಟರ್ ಮತ್ತು ಕ್ರೂಗರ್ ಅಂತ ಇಬ್ಬರು ಅರ್ಥಶಾಸ್ತ್ರಜ್ಞರು 1991ರಲ್ಲಿ ಅಮೆರಿಕದ ಒಹಾಯೊದ ಟ್ವಿನ್ಸ್‌ಬರ್ಗ್‌ನಲ್ಲಿ ನಡೆಯುವ ಅವಳಿಗಳ ಜಾತ್ರೆಗೆ ಹೋಗಿದ್ದರು. ಒಂದೇ ಮನೆಯಲ್ಲಿ ಹುಟ್ಟಿದ ಅವಳಿಗಳಲ್ಲಿ ಒಬ್ಬರು ಜಾಸ್ತಿ ಓದಿದರೆ ಸಂಬಳ ಎಷ್ಟು ಜಾಸ್ತಿ ಅನ್ನೋದು ಅವರ ಪ್ರಶ್ನೆ. ಪ್ರತಿಯೊಬ್ಬರಿಗೂ ತಮ್ಮ ಓದಿನ ಜೊತೆಗೆ ಇನ್ನೊಬ್ಬರ ಓದನ್ನೂ ಕೇಳಿದರು. ಇಬ್ಬರ ಉತ್ತರ ತಾಳೆ ನೋಡಿದರೆ ತಪ್ಪು ಎಷ್ಟಿದೆ ಅಂತ ಗೊತ್ತಾಗುತ್ತೆ.

ಈ ಉಪಾಯ ನನಗೆ ಬಹಳ ಹಿಡಿಸಿತು. ಮೊದಲು ನಮ್ಮ ಮನೆಯಲ್ಲೇ ನೋಡೋಣ ಅಂತ ಗದಗಿಗೆ ಫೋನ್ ಮಾಡಿದೆ. "ಅಪ್ಪ ನಾಕನೇತ್ತ" ಅಂದಳು ಅಕ್ಕ, ಯೋಚನೆಯನ್ನೂ ಮಾಡದೆ. ಅಣ್ಣ, "ಎಲ್ಲೀದು, ಎರಡನೇತ್ತಾನೂ ಮುಗಿಸಿಲ್ಲ" ಅಂದ. ನನ್ನ ಕಾಲೇಜಿನ ಅರ್ಜಿಗಳಲ್ಲೆಲ್ಲ ನಾನು 'ಪ್ರಾಥಮಿಕ' ಅಂತ ಬರೆದಿದ್ದೆ. ಫೋನನ್ನು ಅಪ್ಪನಿಗೆ ಕೊಡು ಅಂದೆ.

"ನಾಕನೇತ್ತಕ್ಕ ಹೆಸರು ಹಚ್ಚಿದ್ರು" ಅಂದರು ಅಪ್ಪ. "ಹ್ವಾದದ್ದು ಎಷ್ಟ ದಿನಾ ಅಂತ ಕೇಳಬ್ಯಾಡ. ದನಾ ಯಾರ ಕಾಯ್ತಿದ್ರು?"

ಫಾರಂನಲ್ಲಿ ಸಮೀಕ್ಷೆಯ ಓದಿನ ಕೋಡ್ 05 ಬರೆದೆ. ಓದು ಬರಹ ಬರುತ್ತೆ, ಪ್ರಾಥಮಿಕಕ್ಕಿಂತ ಕೆಳಗೆ.