ಮಿಸ್ ಕೇರಳ ಮೀನಿಗೆ ಮೈಸೂರಿನ ಬೇಸಿಗೆ

ಮಿಸ್ ಕೇರಳ ಸಾಕಬೇಕು ಅನ್ನುವವರು ಮೊದಲು ವಿಚಾರಿಸುವುದು ಹೀಟರ್ ಬಗ್ಗೆ. ನಾನು ಹಾಕಿಯೇ ಇಲ್ಲ. ಇದು ಪಶ್ಚಿಮ ಘಟ್ಟದ ಹೊಳೆ ಮೀನು. ಕೇರಳದಲ್ಲಿ, ದಕ್ಷಿಣ ಕರ್ನಾಟಕದ ಅಂಚಿನಲ್ಲಿ, ಬಂಡೆಗಳ ನಡುವೆ ರಭಸವಾಗಿ ಹರಿಯುವ ನೀರಲ್ಲಿ ಗುಂಪಾಗಿ ಓಡಾಡುತ್ತದೆ. ಅದಕ್ಕೆ ಬೇಕಿರುವುದು ತಂಪು, ಹರಿವು, ಗಾಳಿ ಬೆರೆತ ನೀರು.

ಕುವೆಂಪುನಗರದ ನಮ್ಮ ಮನೆಯಲ್ಲಿರುವುದು 4 ಅಡಿ ಉದ್ದದ ಟ್ಯಾಂಕ್. ಮೀನು 15 ಸೆಂ.ಮೀ.ವರೆಗೆ ಬೆಳೆಯುತ್ತದೆ, ಸುಮ್ನೆ ಒಂದು ಕಡೆ ನಿಲ್ಲುವುದಿಲ್ಲ. ಹಾಗಾಗಿ ಎತ್ತರಕ್ಕಿಂತ ಉದ್ದ ಮುಖ್ಯ. 6 ಮೀನು ಒಟ್ಟಿಗೆ ಬಿಟ್ಟಿದ್ದೇನೆ. ಒಂದೆರಡೇ ಇದ್ದರೆ ಹೆದರಿ ಮೂಲೆ ಸೇರುತ್ತವೆ. ಒಂದು ತುದಿಯಲ್ಲಿ ಪವರ್‌ಹೆಡ್ (ನೀರೊಳಗೆ ಇಡುವ ಚಿಕ್ಕ ಪಂಪ್) ಇಟ್ಟು ನೀರನ್ನು ಉದ್ದಕ್ಕೂ ತಳ್ಳಿಸುತ್ತೇನೆ. ಅದಕ್ಕೆ ಎದುರಾಗಿ ಈಜುವುದೇ ಇವುಗಳ ಆಟ.

ನಮಗೆ ನಲ್ಲಿಯಲ್ಲಿ ಬರುವುದು ಕಾವೇರಿ ನೀರು, ಕ್ಲೋರಿನ್ ಇರುತ್ತದೆ. ಡ್ರಮ್‌ಗೆ ಹಿಡಿದು, ಏರ್ ಪಂಪ್ ಹಾಕಿ, ಒಂದು ದಿನ ಬಿಟ್ಟು ಬಳಸುತ್ತೇನೆ. ವಾರಕ್ಕೊಮ್ಮೆ ಕಾಲು ಭಾಗ ಬದಲಾಯಿಸುತ್ತೇನೆ. ಬೋರ್‌ವೆಲ್ ನೀರು ಗಡಸು, ಅದನ್ನು ಮುಟ್ಟಿಲ್ಲ.

ನಿಜವಾದ ಕೆಲಸ ಶುರುವಾಗುವುದು ಮಾರ್ಚ್‌ನಲ್ಲಿ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. ಮೀನಿಗೆ ಬೇಕಾಗುವುದು ಮಾತ್ರ ಜಾಸ್ತಿ. ಮೇಲೆ ಬಂದು ಬಾಯಿ ತೆರೆಯತೊಡಗಿದರೆ ತಡಮಾಡಬಾರದು. ನಾನು ಗಾಜಿನ ಮುಚ್ಚಳ ತೆಗೆದು ಸೊಳ್ಳೆ ಪರದೆಯ ಜಾಲರಿ ಬಿಗಿಯುತ್ತೇನೆ. ಜಾಲರಿ ಬೇಕೇ ಬೇಕು, ಈ ಮೀನು ಚಂಗನೆ ಹಾರುತ್ತದೆ. ನೀರಿನ ಮೇಲ್ಮೈಗೆ ಅಡ್ಡಲಾಗಿ ಚಿಕ್ಕ ಟೇಬಲ್ ಫ್ಯಾನ್ ಇಡುತ್ತೇನೆ. ನೀರು ಆವಿಯಾಗುತ್ತಾ 2–3 ಡಿಗ್ರಿ ತಣ್ಣಗಾಗುತ್ತದೆ. ಆರಿದಷ್ಟು ನೀರನ್ನು ದಿನವೂ ತುಂಬಬೇಕು. "ಮೀನಿಗೂ ಫ್ಯಾನ್ ಬೇಕೇನಪ್ಪಾ?" ಅಂತ ಅಮ್ಮ ಕೇಳುತ್ತಾರೆ. ಬೇಕಮ್ಮ! ಮಧ್ಯಾಹ್ನ ಲೈಟ್ ಬಂದ್, ಊಟವೂ ಅರ್ಧ. ಐಸ್ ಹಾಕುವವರಿದ್ದಾರೆ. ನನಗೆ ಅದು ಸರಿ ಅನಿಸುವುದಿಲ್ಲ, ಬಿಸಿ ಒಮ್ಮೆಲೇ ಇಳಿದರೆ ಮೀನು ಸೊರಗುತ್ತದೆ. ಕರೆಂಟ್ ಹೋದಾಗಿನ ಗತಿಗೆ ಬ್ಯಾಟರಿ ಏರ್ ಪಂಪ್ ಇದೆ.

ಮೂತಿಯಿಂದ ಹೊರಟು ಕಣ್ಣಿನ ಮೇಲೆ ಹಾಯುವ ಕೆಂಪು ಪಟ್ಟೆಯೇ ಇದರ ಚೆಂದ. ಅದು ಮಂಕಾಗದಿರಲು ಸ್ಪಿರುಲಿನಾ ಎಂಬ ಪಾಚಿ ಇರುವ ಮೀನಿನ ಕಾಳು ಕೊಡುತ್ತೇನೆ, ಆಗಾಗ ಬೇಯಿಸಿದ ಪಾಲಕ್.

ಕೊಳ್ಳುವಾಗ ಫಾರ್ಮ್‌ನಲ್ಲಿ ಬೆಳೆಸಿದ ಮೀನೇ ಕೇಳಿ. ಮೀನುಗಳ ತಜ್ಞ ಫ್ರಾನ್ಸಿಸ್ ಡೇ 1865ರಲ್ಲಿ ಮೊದಲು ವಿವರಿಸಿದ ಈ ಮೀನು ಈಗ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆಯಾದ ಐಯುಸಿಎನ್‌ನ ಅಳಿವಿನಂಚಿನ ಪಟ್ಟಿಯಲ್ಲಿದೆ. ಅಕ್ವೇರಿಯಂಗೆಂದು ಹೊಳೆಯಿಂದ ಹಿಡಿದದ್ದೂ ಅದಕ್ಕೊಂದು ಕಾರಣ. ಸಾಕಲು ಆಗದಿದ್ದರೆ ಅಂಗಡಿಗೆ ವಾಪಸ್ ಕೊಡಿ. ಇದು ಪಶ್ಚಿಮಕ್ಕೆ ಹರಿಯುವ ಹೊಳೆಗಳ ಮೀನು, ಕಾರಂಜಿ ಕೆರೆಗೋ ಕಾವೇರಿಗೋ ಬಿಡುವಂಥದ್ದಲ್ಲ.