5,000 ಮೀಟರ್: ಗೆಲ್ಲೋಕೆ ಮಾಡಿಸುವ ತಾಲೀಮು

"ಸರ, ಟೈಮ್ ಎಷ್ಟ್ ಬಂತ್ರಿ?" ಕಲಬುರಗಿಯಲ್ಲಿ ನಾನು ಓಡಿಸುವ ಹುಡುಗರು ಮೊದಲು ಕೇಳುವುದು ಇದನ್ನೇ. ಎಷ್ಟನೆಯವನಾಗಿ ಬಂದೆ ಎಂಬುದು ಅದಕ್ಕಿಂತ ದೊಡ್ಡದು.

ಉಗಾಂಡಾದ ಜೋಶುವಾ ಚೆಪ್ಟೆಗೈ 2020ರಲ್ಲಿ ಮೊನಾಕೊದಲ್ಲಿ 12:35.36ರ ವಿಶ್ವ ದಾಖಲೆ ಮಾಡಿದಾಗ ಆರಂಭದ ಸುತ್ತುಗಳಲ್ಲಿ ಪೇಸರ್‌ಗಳಿದ್ದರು (ನಿಗದಿತ ವೇಗದಲ್ಲಿ ಮುಂದೆ ಓಡಿ ದಾರಿ ಮಾಡಿಕೊಡುವವರು), ಟ್ರ್ಯಾಕಿನ ಅಂಚಲ್ಲಿ ವೇಗ ತೋರಿಸುವ ದೀಪಗಳಿದ್ದವು. ಒಲಿಂಪಿಕ್ಸ್‌ನಲ್ಲಿ ಪೇಸರ್ ಇಲ್ಲ. ಮುಂದಿರುವವನು ಗಾಳಿ ಸೀಳಬೇಕು, ಹಿಂದಿನವರು ಅವನ ಮರೆಯಲ್ಲಿ ಶಕ್ತಿ ಉಳಿಸುತ್ತಾರೆ. ಹೀಗಾಗಿ ಓಟ ನಿಧಾನ. ಲಂಡನ್ 2012ರ 5,000 ಮೀಟರ್ ಫೈನಲನ್ನು ಬ್ರಿಟನ್ನಿನ ಮೊ ಫರಾ ಗೆದ್ದದ್ದು 13:41.66ರಲ್ಲಿ, ಕೊನೆಯ ಸುತ್ತು ಮಾತ್ರ ಸುಮಾರು 53 ಸೆಕೆಂಡ್. 5,000, 10,000 ಮೀಟರಿನ ವಿಶ್ವ ದಾಖಲೆ ಫರಾ ಹೆಸರಲ್ಲಿ ಎಂದೂ ಇರಲಿಲ್ಲ, ಒಲಿಂಪಿಕ್ ಚಿನ್ನ ನಾಲ್ಕಿವೆ. ಕೀನ್ಯಾದ ಡೇನಿಯಲ್ ಕೊಮೆನ್ 1996ರಲ್ಲಿ 3,000 ಮೀಟರ್ 7:20.67ರಲ್ಲಿ ಓಡಿದ. ಆ ದಾಖಲೆ 2024ರಲ್ಲಿ ಮುರಿಯಿತು. ಚಿನ್ನವಾಗಿದ್ದರೆ ಯಾರೂ ಕಿತ್ತುಕೊಳ್ಳುತ್ತಿರಲಿಲ್ಲ.

ಆದ್ದರಿಂದ ನಾನು ಮಾಡಿಸುವುದು ದಣಿದ ಕಾಲಲ್ಲಿ ವೇಗ ಬದಲಿಸುವ ಅಭ್ಯಾಸ. 5,000 ಮೀಟರನ್ನು 16 ನಿಮಿಷದಲ್ಲಿ ಓಡುವವನಿಗೆ: 1,600 ಮೀಟರ್, ಸುತ್ತಿಗೆ 78 ಸೆಕೆಂಡಿನಂತೆ, ನಿಲ್ಲದೆ ಮುಂದಿನ 400 ಮೀಟರ್ 66ರಲ್ಲಿ. 5 ನಿಮಿಷ ನಡಿಗೆ. ಇಂಥ 3 ಸೆಟ್, ವಾರಕ್ಕೆ ಒಂದೇ ಸಲ. ಮೂರನೆಯ 400 ಮೀಟರಿಗೆ 70 ದಾಟಿದರೆ 1,600 ಜೋರಾಗಿದೆ ಎಂದರ್ಥ. ಮುಂದಿನ ವಾರ ಅದನ್ನು ಸುತ್ತಿಗೆ 80 ಸೆಕೆಂಡಿಗೆ ನಿಧಾನ ಮಾಡಿ, ಕೊನೆಯ 400 ಕೆಡಿಸಬೇಡಿ. ಬೇಸಿಗೆಯಲ್ಲಿ ಬೆಳಗಿನ 5:30ಕ್ಕೇ ಶುರು ಮಾಡಬೇಕು. ನಮ್ಮ ಬಿಸಿಲು ಏರಿದ ಮೇಲೆ ಈ ಲೆಕ್ಕವೇ ಸುಳ್ಳಾಗುತ್ತದೆ.

ಹೆಚ್ಚಿನವರು ಸೋಲುವುದು ಜಾಗ ತಪ್ಪಿ. ಒಳಗಿನ ಗೆರೆಗೆ ಅಂಟಿ ಓಡುತ್ತಿರುತ್ತಾರೆ, ಕೊನೆಯ ಸುತ್ತಿನ ಗಂಟೆ ಬಾರಿಸಿದಾಗ ಮುಂದೆ ಒಬ್ಬ, ಬಲಕ್ಕೆ ಒಬ್ಬ, ಹೊರಬರಲು ದಾರಿಯಿಲ್ಲ. 800 ಮೀಟರ್ ಉಳಿದಾಗಲೇ ಮುಂದಿನವನ ಬಲ ಭುಜದ ಹಿಂದೆ ಸೇರಿಕೊಳ್ಳಬೇಕು. ದಾಟುವುದು ನೇರ ಭಾಗದಲ್ಲಿ. ತಿರುವಿನಲ್ಲಿ ಒಂದು ಲೇನ್ ಹೊರಗೆ ಓಡಿದರೆ 3.8 ಮೀಟರ್ ಹೆಚ್ಚುವರಿ. ಸ್ಪ್ರಿಂಟ್ ಇಲ್ಲದವನು ಕೊನೆಯ 200 ಮೀಟರಿಗೆ ಕಾಯಬಾರದು. ಅಂಥವನಿಗೆ 600 ಮೀಟರ್ ಉಳಿದಾಗಿನಿಂದಲೇ ವೇಗ ಏರಿಸಲು ಹೇಳುತ್ತೇನೆ, ಸ್ಪ್ರಿಂಟರುಗಳ ಕಾಲು ಅಷ್ಟರಲ್ಲೇ ಭಾರವಾಗಲಿ ಎಂದು.