ಒಂದು ಕಿಲೋ ದರಕಿನಲ್ಲಿ ಎಷ್ಟು ಬಿಸಿಲಿದೆ?

ಶಿರಸಿ ಕಡೆಯ ಅಡಿಕೆ ತೋಟದವರಿಗೆ ಸೊಪ್ಪಿನ ಬೆಟ್ಟ ಏನೆಂದು ಹೇಳಬೇಕಿಲ್ಲ. ಬೇರೆ ಊರಿನವರಿಗಾಗಿ ಹೇಳುತ್ತೇನೆ: ತೋಟಕ್ಕೆ ಸೊಪ್ಪು, ದರಕು (ಉದುರಿದ ಒಣ ತರಗೆಲೆ) ತಂದುಕೊಳ್ಳಲು ಬಿಟ್ಟುಕೊಟ್ಟ ಕಾಡು ಅದು. ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೂ ಬೆಟ್ಟ ಇರುತ್ತದೆ. ಅಷ್ಟೊಂದು ಯಾಕೆ ಬೇಕು ಅನ್ನುವುದು ನನಗೆ ಸರಿಯಾಗಿ ತಿಳಿದದ್ದು ದರಕನ್ನು ತೂಗಿ ನೋಡಿದ ಮೇಲೆ.

ಬೆಟ್ಟದಲ್ಲಿ ಒಂದು ಚದರ ಮೀಟರ್ ಜಾಗಕ್ಕೆ ನಾಲ್ಕು ಗೂಟ ಹೊಡೆದು ದಾರ ಕಟ್ಟಿದೆ. ಎಲೆ ಉದುರುವ ಕಾಲ ಮುಗಿಯುವವರೆಗೂ ಅದರೊಳಗೆ ಬಿದ್ದ ದರಕನ್ನು ಆಗಾಗ ಆರಿಸಿ ತಂದು, ಗರಿಗರಿ ಒಣಗಿಸಿ ತೂಗಿದೆ. ಇಲ್ಲಿ ಲೆಕ್ಕ ಸುಲಭವಾಗಲಿ ಅಂತ ಒಂದು ಕಿಲೋ ಎಂದೇ ಇಟ್ಟುಕೊಳ್ಳೋಣ. ಒಂದು ಕಿಲೋ ಒಣ ಎಲೆಯಲ್ಲಿ ಸುಮಾರು 4,000 ಕಿಲೋ ಕ್ಯಾಲೊರಿ ಶಕ್ತಿ ಇರುತ್ತದೆ. ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಹೇಳುವುದಾದರೆ ನಾಲ್ಕೂವರೆ ಯೂನಿಟ್. ನಮ್ಮ ರಾಜ್ಯದಲ್ಲಿ ಅಷ್ಟೇ ಜಾಗಕ್ಕೆ ದಿನಕ್ಕೆ ಸರಾಸರಿ 5 ಯೂನಿಟ್ ಆಸುಪಾಸು ಬಿಸಿಲು ಬೀಳುತ್ತದೆ. ಅಂದರೆ ಇಡೀ ವರ್ಷದ ದರಕಿನಲ್ಲಿ ಉಳಿದದ್ದು ಹೆಚ್ಚುಕಡಿಮೆ ಒಂದು ದಿನದ ಬಿಸಿಲು!

ಉಳಿದ ಬಿಸಿಲು ಎಲ್ಲಿ ಹೋಯಿತು? ಅರ್ಧಕ್ಕಿಂತ ಜಾಸ್ತಿ ಬೆಳಕು ಎಲೆಗೆ ಬಳಸಲು ಬರುವಂಥದ್ದೇ ಅಲ್ಲ. ಒಂದಷ್ಟು ಪ್ರತಿಫಲಿಸಿ ಹೋಗುತ್ತದೆ, ಬಹಳಷ್ಟು ನೀರನ್ನು ಆವಿ ಮಾಡುವುದರಲ್ಲೇ ಮುಗಿಯುತ್ತದೆ. ಎಲೆ ಹಿಡಿದಿಟ್ಟದ್ದರಲ್ಲೂ ಸುಮಾರು ಅರ್ಧ ಮರದ ಉಸಿರಾಟಕ್ಕೇ ಬೇಕು. ಕಾಂಡ, ಬೇರಿನಲ್ಲಿ ಸೇರಿದ್ದನ್ನು ಕೂಡಿಸಿದರೂ ನೂರಕ್ಕೆ ಒಂದೋ ಎರಡೋ ಪಾಲು ದಾಟುವುದು ಕಷ್ಟ. ಒಂದು ಎಕರೆ ತೋಟಕ್ಕೆ ಅಷ್ಟೊಂದು ಬೆಟ್ಟ ಬೇಕಾಗುವುದು ಇದಕ್ಕೇ.

ಈ ಲೆಕ್ಕ ಮಾಡಿದ ಮೇಲೆ ನಾನು ಸೊಪ್ಪು ಕಡಿಯುವ ರೀತಿಯಲ್ಲಿ ತುಂಬಾ ಬಿಗಿಯಾದೆ. ಮತ್ತಿ, ಹೊನ್ನೆ, ನಂದಿ, ಕವಲು ಯಾವುದೇ ಇರಲಿ, ನೆತ್ತಿಯ ಸೊಪ್ಪು ಮುಟ್ಟುವುದಿಲ್ಲ. ಒಂದೇ ಮರವನ್ನು ವರ್ಷ ವರ್ಷವೂ ಕಡಿಯುವುದಿಲ್ಲ. ಕಡಿದ ಮರ ಮತ್ತೆ ಚಿಗುರುವುದು ಕಾಂಡದಲ್ಲಿ, ಬೇರಿನಲ್ಲಿ ಪಿಷ್ಟವಾಗಿ ಕೂಡಿಟ್ಟ ಶಕ್ತಿಯಿಂದ. ಎಳೆ ಚಿಗುರು ಬಲಿಯುವವರೆಗೂ ಅದು ಉಣ್ಣುವುದೇ ಹೊರತು ಗಳಿಸುವುದಿಲ್ಲ. ಆ ಹೊತ್ತಿಗೆ ಮತ್ತೆ ಕತ್ತಿ ಹಾಕಿದರೆ ಮರದ ಗಂಟೇ ಕರಗುತ್ತದೆ. ಬೋಳಿಸಿದ ಮರಗಳು ಸೊರಗುವುದನ್ನು ನೋಡಿದವರಿಗೆ ಇದು ಗೊತ್ತು, ಅಲ್ವಾ?

ತಂದ ಸೊಪ್ಪನ್ನು ಕೊಟ್ಟಿಗೆಗೆ ಹಾಸಿ, ಆಮೇಲೆ ಗೊಬ್ಬರದ ಗುಂಡಿಗೆ ಹಾಕುತ್ತೇನೆ. ಗುಂಡಿಯ ನಡುವೆ ಉದ್ದ ಕಡ್ಡಿಯ ಥರ್ಮಾಮೀಟರ್ ಚುಚ್ಚಿ ನೋಡಿ. ಚೆನ್ನಾಗಿ ಕಳಿಯುತ್ತಿರುವ ರಾಶಿ 60 ಡಿಗ್ರಿಯವರೆಗೂ ಬಿಸಿಯಾಗುತ್ತದೆ. ಎಲೆ ಹಿಡಿದಿಟ್ಟ ಬಿಸಿಲೇ ಅದು, ಸೂಕ್ಷ್ಮಜೀವಿಗಳು ತಿಂದು ಬಿಡುತ್ತಿರುವ ಕಾವು. ಆ ಕಾವು ಮತ್ತೆ ಎಲೆಗೆ ಸೇರುವುದಿಲ್ಲ. ಸಾರಜನಕ, ರಂಜಕ, ಪೊಟ್ಯಾಶ್ ಸುತ್ತಿ ಬರುತ್ತವೆ, ಶಕ್ತಿ ಮಾತ್ರ ಒಮ್ಮೆ ಹೋದರೆ ಹೋಯಿತು. ಸೆಗಣಿಯನ್ನು ಗೋಬರ್ ಗ್ಯಾಸಿಗೆ ಹಾಕುವುದೂ ಇದೇ ಕಾರಣಕ್ಕೆ ನನಗೆ ಇಷ್ಟ. ಸುಮಾರು 25 ಕಿಲೋ ಸೆಗಣಿಗೆ ಒಂದು ಘನ ಮೀಟರ್ ಗ್ಯಾಸ್ ಬರುತ್ತದೆ. ಶಕ್ತಿಯ ಒಂದು ಪಾಲು ಒಲೆಗೆ ಸಿಗುತ್ತದೆ, ಗ್ಯಾಸ್ ಬಂದ ಮೇಲೆ ಉಳಿಯುವ ಸ್ಲರಿಯಲ್ಲಿ ಪೋಷಕಾಂಶ ತೋಟಕ್ಕೆ ಉಳಿಯುತ್ತದೆ.

ಆದರೆ ದರಕಿಗೆ ಬೆಂಕಿ ಇಡುವುದನ್ನು ಮಾತ್ರ ನನ್ನಿಂದ ನೋಡಲಾಗುವುದಿಲ್ಲ. ಎರೆಹುಳು, ಗೆದ್ದಲು, ಅಣಬೆಗಳು ತಿಂಗಳುಗಟ್ಟಲೆ ಬದುಕಬೇಕಾದ ಬುತ್ತಿ ಕೆಲವೇ ನಿಮಿಷದಲ್ಲಿ ಹೊಗೆಯಾಗುತ್ತದೆ. ಸಾರಜನಕವೂ ಅದರ ಜೊತೆ ಹಾರಿಹೋಗುತ್ತದೆ. ನಮ್ಮ ಸೆಖೆ, ಮಳೆಗೆ ಮಣ್ಣಿನ ಸಾವಯವ ಅಂಶ ಬೇಗ ಕರಗುತ್ತದೆ, ಹಾಗಾಗಿ ಮರದ ಬುಡಕ್ಕೆ ಪ್ರತಿ ವರ್ಷ ಹೊಸ ಮುಚ್ಚಿಗೆ ಬೇಕೇ ಬೇಕು.

ನೀವೂ ತೂಗಿ ನೋಡುವುದಾದರೆ ಒಂದು ಮಾತು. ಹಸಿ ಸೊಪ್ಪನ್ನು ತೂಗಿ ಲೆಕ್ಕ ಹಾಕಬೇಡಿ, ಅದರಲ್ಲಿ ಬಹುಪಾಲು ನೀರೇ. ಎರಡು ಸಲ ತೂಗಿದರೂ ತೂಕ ಬದಲಾಗದಷ್ಟು ಒಣಗಿಸಿ, ಆಮೇಲೆ ಬರೆದಿಟ್ಟುಕೊಳ್ಳಿ.